ತಾರಸಿಯಲ್ಲಿ ಅಗ್ಗದ ಹೈಡ್ರೋಪೋನಿಕ್ಸ್: ಪೈಪು ಕೊಳ್ಳುವ ಮೊದಲು ನೀರನ್ನೂ ಪ್ಲಗ್ಗನ್ನೂ ನೋಡಿ

ಏಪ್ರಿಲ್ ತಿಂಗಳ ಒಂದು ಸಂಜೆ, ಆ ವರ್ಷದ ಮೊದಲ ಜೋರು ಮಳೆ ನಿಂತ ಮೇಲೆ, ನಮ್ಮ ಅತ್ತೆಯವರು ತಾರಸಿಗೆ ಹೋಗಿ ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲೇ ಗಿಡ ಬೆಳೆಸುವ, ತೊಟ್ಟಿಯಲ್ಲಿ ತೇಲುತ್ತಿದ್ದ ಕಸ ತೆಗೆಯಲು ಕೈ ಅದ್ದಿದರು. ಕರೆಂಟ್ ಹೊಡೆದು ಅವರು ಚೀರಿದ್ದು ಕೆಳಗಿನ ಅಡುಗೆಮನೆಗೆ ಕೇಳಿಸಿತು. ನಾನು ಓಡಿ ಹೋದಾಗ ನೆಲದ ಮೇಲೆ ಕುಸಿದು ಕುಳಿತಿದ್ದರು. ಬಲಗೈ ನಡುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಕಾಲಿನಲ್ಲಿ ರಬ್ಬರ್ ಚಪ್ಪಲಿ ಇದ್ದುದರಿಂದಲೇ ಉಳಿದುಕೊಂಡರು ಎಂದು ನಾನು ನಂಬಿದ್ದೇನೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಒಂದು ರಾತ್ರಿ ಇಟ್ಟುಕೊಂಡು, ಏನೂ ತೊಂದರೆಯಿಲ್ಲ ಎಂದು ಕಳುಹಿಸಿದರು. ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಸೊಪ್ಪು ಬೆಳೆಯುವ ವಿಡಿಯೊ ನೋಡಿ ಪೈಪು ತರಲು ಹೊರಟವರು ಯಾರಾದರೂ ಇದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ.

ನಾವಿರುವುದು ಬೆಂಗಳೂರಿನ ಹೊರವಲಯದ ಬಡಾವಣೆ. ಇಲ್ಲಿಗೆ ಕಾವೇರಿ ನೀರು ಬಂದಿಲ್ಲ. ಕೊಳವೆಬಾವಿ ಕೈಕೊಟ್ಟಾಗ ಟ್ಯಾಂಕರ್. 2024ರ ಬೇಸಿಗೆಯಲ್ಲಿ ನಗರದಲ್ಲಿ ನೀರಿಗೆ ಹಾಹಾಕಾರವೆದ್ದು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ನಿಮಗೂ ನೆನಪಿರಬಹುದು. ಆ ಬೇಸಿಗೆಯಲ್ಲಿ ನನ್ನ ಕುಂಡದ ಗಿಡಗಳೆಲ್ಲ ಒಣಗಿದವು. ಹಾಗಾಗಿ ಮಣ್ಣಿಲ್ಲದ ಕೃಷಿಗೆ ನೀರು ಬಹಳ ಕಡಿಮೆ ಸಾಕು ಎಂಬ ಮಾತು ನನ್ನನ್ನು ಸೆಳೆಯಿತು. ಅದು ಸುಳ್ಳಲ್ಲ. ಮೋಟಾರು ತೊಟ್ಟಿಯಿಂದ ಪೈಪಿಗೆ ಹರಿಸುವ ಅದೇ ನೀರು ಮತ್ತೆ ಮತ್ತೆ ಸುತ್ತುವುದರಿಂದ ಉಳಿತಾಯ ಆಗಿಯೇ ಆಗುತ್ತದೆ. ಆದರೆ ಅದು ಎಂಥ ನೀರಾಗಿರಬೇಕು ಎಂಬುದನ್ನು ಯಾವ ವಿಡಿಯೊದವರೂ ಹೇಳಲಿಲ್ಲ.

ಮೂರು ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಪೈಪು, ಎಂಡ್ ಕ್ಯಾಪ್, ಎಲ್ಬೋ, ರಂಧ್ರ ಕೊರೆಸಿದ ಕೂಲಿ, ಕಬ್ಬಿಣದ ಸ್ಟ್ಯಾಂಡ್, ನೆಟ್ ಪಾಟ್ (ಗಿಡ ಕೂರಿಸುವ ತೂತಿನ ಕುಂಡ), ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೋಟಾರು, ಟೈಮರ್, ಗೊಬ್ಬರದ ಬಾಟಲಿಗಳು ಎಲ್ಲ ಸೇರಿ 11,400 ಆಯಿತು. ಇದನ್ನು ದೊಡ್ಡ ದೂರು ಎಂದು ನಾನು ಹೇಳುವುದಿಲ್ಲ. ಗಿಡ ಬಂದಿದ್ದರೆ ಸಂತೋಷವಾಗಿಯೇ ಕೊಡುತ್ತಿದ್ದೆ.

ಗಿಡ ಬರಲಿಲ್ಲ. ಪಾಲಕ್ ನಾಲ್ಕು ಎಲೆ ಬಿಟ್ಟು ನಿಂತುಹೋಯಿತು. ಲೆಟ್ಯೂಸ್‌ನ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದವು. ಆಮೇಲೆ ಎಲೆಯ ಅಂಚು ಸುಟ್ಟಂತೆ ಕಂದಿತು. ಪರಿಕರ ಮಾರಿದವರು ಒಂದು ಕಾಗದ ಕೊಟ್ಟಿದ್ದರು: ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 800 ಬರುವವರೆಗೆ ಗೊಬ್ಬರದ ದ್ರಾವಣ ಹಾಕಿ ಎಂದು ಅದರಲ್ಲಿತ್ತು. ನಾನು ಮೀಟರ್ ಅದ್ದಿದರೆ, ಗೊಬ್ಬರ ಹಾಕುವ ಮೊದಲೇ ನಮ್ಮ ನಲ್ಲಿಯ ನೀರು 950 ತೋರಿಸುತ್ತಿತ್ತು. ಫೋನ್ ಮಾಡಿ ಕೇಳಿದೆ. "ಹಾಗಾದರೆ ನಿಮಗೆ ಗೊಬ್ಬರ ಹೆಚ್ಚು ಬೇಡ ಮೇಡಂ, ಅರ್ಧ ಹಾಕಿ ಸಾಕು" ಎಂದರು. ನಾನು ನಂಬಿದೆ. ಈ ಮಾತಿನ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಟಿಡಿಎಸ್ ಮೀಟರ್ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂದು ಅಂದಾಜು ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ನಮ್ಮ ನೀರಿನ 950ರಲ್ಲಿ ಗಿಡಕ್ಕೆ ಬೇಕಾದ ನೈಟ್ರೇಟ್, ಪೊಟ್ಯಾಶ್, ರಂಜಕ ಹೆಸರಿಗೆ ಮಾತ್ರ. ಉಳಿದದ್ದು ಬೈಕಾರ್ಬೊನೇಟ್, ಕ್ಲೋರೈಡ್, ಸೋಡಿಯಂ. ಲೆಟ್ಯೂಸ್‌ನಂಥ ಸೂಕ್ಷ್ಮ ಸೊಪ್ಪಿಗೆ ಗೊಬ್ಬರ ಸೇರಿದ ಮೇಲೆ ಎಷ್ಟಿರಬೇಕೋ ಅದಕ್ಕಿಂತ ಹೆಚ್ಚು ಉಪ್ಪು ಬರಿಯ ನೀರಿನಲ್ಲೇ ಇತ್ತು. ಅದರ ಮೇಲೆ ಅರ್ಧ ಗೊಬ್ಬರ ಹಾಕಿದರೆ, ಉಪ್ಪಿನ ಭಾರವೂ ಹೆಚ್ಚಾಯಿತು, ಆಹಾರವೂ ಸಾಲದಾಯಿತು.

ಇದಕ್ಕಿಂತ ದೊಡ್ಡ ತಪ್ಪು ಸಾಫ್ಟನರ್‌ನದು. ಗಡಸು ನೀರಿನ ಕಾಟಕ್ಕೆ ನಮ್ಮ ಮನೆ ಮಾಲೀಕರು ಸಾಫ್ಟನರ್ ಹಾಕಿಸಿದ್ದಾರೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಅದೇ ವ್ಯವಸ್ಥೆ ಇದೆ. ಮೆದುವಾದ ನೀರು ಗಿಡಕ್ಕೂ ಒಳ್ಳೆಯದೇ ಎಂದು ನಾನು ಭಾವಿಸಿದ್ದೆ. ಸಾಫ್ಟನರ್ ಉಪ್ಪನ್ನು ತೆಗೆಯುವುದಿಲ್ಲ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತದೆ. ಗಿಡಕ್ಕೆ ಬೇಕಾದ ಎರಡು ಹೋಗಿ, ಬೇಡದ್ದು ಬಂದು ಸೇರುತ್ತದೆ. ಮಣ್ಣಿನ ಕುಂಡದಲ್ಲಾದರೆ ಮಳೆಗೆ ಸ್ವಲ್ಪವಾದರೂ ತೊಳೆದುಹೋಗುತ್ತಿತ್ತು. ಇಲ್ಲಿ ಗಿಡ ನೀರನ್ನು ಕುಡಿಯುತ್ತದೆ, ಸೋಡಿಯಂ ತೊಟ್ಟಿಯಲ್ಲೇ ಉಳಿಯುತ್ತದೆ, ನಾವು ಮತ್ತೆ ಅದೇ ನೀರನ್ನು ತುಂಬಿಸುತ್ತೇವೆ. ಮೂರನೆಯ ವಾರಕ್ಕೆ ನನ್ನ ಮೀಟರ್ 1,700 ದಾಟಿತ್ತು. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಳಸುತ್ತೇನೆ ಎನ್ನುವವರೂ ಇದ್ದಾರೆ. ಅದರಲ್ಲಿ ಲವಣ ಇನ್ನೂ ಸಾಂದ್ರವಾಗಿರುತ್ತದೆ, ಖಂಡಿತ ಬೇಡ.

ಹುಳಿ-ಕ್ಷಾರದ ಅಳತೆಯಾದ ಪಿಎಚ್ 5.5ರಿಂದ 6.5ರ ಒಳಗಿರಬೇಕು. ನಮ್ಮ ನೀರು 8ರ ಆಸುಪಾಸಿನಲ್ಲಿತ್ತು. ವಿನೆಗರ್ ಹಾಕಿ ಇಳಿಸಿದೆ. ಎರಡು ದಿನಕ್ಕೆ ಮತ್ತೆ ಏರಿತು. ಬೈಕಾರ್ಬೊನೇಟ್ ಹೆಚ್ಚಿರುವ ನೀರಿನ ಗುಣವೇ ಅದು, ವಿನೆಗರ್‌ನ ಪರಿಣಾಮವೂ ನಿಲ್ಲುವಂಥದ್ದಲ್ಲ. ಪಿಎಚ್ ಮೇಲೆ ನಿಂತರೆ ಕಬ್ಬಿಣದ ಅಂಶ ಗಿಡಕ್ಕೆ ದಕ್ಕುವುದಿಲ್ಲ. ಎಳೆಯ ಎಲೆ ಹಳದಿಯಾದದ್ದಕ್ಕೆ ಇದೇ ಕಾರಣ. ಹತಾಶೆಯಲ್ಲಿ ಗೊಬ್ಬರದಂಗಡಿಯಿಂದ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ ಗೊಬ್ಬರ) ತಂದು ಸುರಿದೆ. ಅದರಲ್ಲಿ ಸಾರಜನಕದ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಯಾ ರೂಪದಲ್ಲಿರುತ್ತದೆ. ಯೂರಿಯಾವನ್ನು ಒಡೆದು ನೈಟ್ರೇಟ್ ಮಾಡಿಕೊಡುವ ಕೆಲಸ ಮಣ್ಣಿನ ಸೂಕ್ಷ್ಮಜೀವಿಗಳದು, ಹೊಸ ತೊಟ್ಟಿಯಲ್ಲಿ ಅವು ಎಲ್ಲಿರಬೇಕು? ಜೊತೆಗೆ ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಬೆಲೆ ಕಡಿಮೆ ಎಂದು ಅದನ್ನು ತರಬೇಡಿ.

ಮಾರ್ಚ್ ಕೊನೆಗೆ ಬೇರುಗಳೇ ಹೋದವು. ಬಿಳಿಯಾಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಚರಂಡಿಯ ವಾಸನೆ ಬರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ತೊಟ್ಟಿಯ ನೀರು 34 ಡಿಗ್ರಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ, ಬೇರು ಕೊಳೆಸುವ ಪಿಥಿಯಂ ಎಂಬ ಸೂಕ್ಷ್ಮಜೀವಿ ಅಂಥ ಕಡೆಯೇ ಹಬ್ಬುತ್ತದೆ. ನೆರಳುಬಲೆ ಇಲ್ಲದ ತಾರಸಿಯಲ್ಲಿ ಬೇಸಿಗೆಗೆ ಶುರು ಮಾಡಲೇಬಾರದಿತ್ತು. ನಡುವೆ ಒಂದು ದಿನ ನಾಲ್ಕು ಗಂಟೆ ಕರೆಂಟ್ ಹೋಗಿ, ಪೈಪಿನಲ್ಲಿ ನೀರು ಹರಿಯುವುದು ನಿಂತು, ಉಳಿದ ಗಿಡಗಳೂ ಬಾಡಿದವು.

ಪೈಪಿನ ಬಗ್ಗೆಯೂ ಹೇಳಬೇಕು. ದುಡ್ಡು ಉಳಿಸಲು ಅರ್ಧದಷ್ಟನ್ನು ಗುಜರಿಯಿಂದ ತಂದಿದ್ದೆ, ಬಚ್ಚಲ ನೀರು ಹರಿಸುವ ಪಿವಿಸಿ ಪೈಪುಗಳು. ಪಿವಿಸಿ ಪೈಪು ಬಿಸಿಗೆ, ಬಿಸಿಲಿಗೆ ಕೆಡದಿರಲು ಸೀಸದ ಸಂಯುಕ್ತ ಸೇರಿಸುವ ರೂಢಿ ನಮ್ಮಲ್ಲಿ ಬಹುಕಾಲ ಇತ್ತು. ಅದನ್ನು ನಿಯಂತ್ರಿಸಲು ಕೇಂದ್ರ ಪರಿಸರ ಸಚಿವಾಲಯ ನಿಯಮ ತಂದದ್ದು 2021ರಲ್ಲಿ. ಹುಳಿಯಾದ ನೀರು ಸೀಸವನ್ನು ಇನ್ನಷ್ಟು ಕರಗಿಸುತ್ತದೆ. ಹಳೆಯ ಪೈಪಿನಲ್ಲಿ ಬೆಳೆದ ಸೊಪ್ಪನ್ನು ಮಗುವಿಗೆ ತಿನ್ನಿಸಬೇಕೆಂದಿದ್ದೆ ಎಂದು ನೆನೆದರೆ ಈಗ ಎದೆ ಝಲ್ಲೆನ್ನುತ್ತದೆ.

ಇನ್ನು ಕರೆಂಟಿನ ವಿಷಯ. ಮೋಟಾರು 18 ವ್ಯಾಟ್‌ನದು, ಅಕ್ವೇರಿಯಂಗೆ ಹಾಕುವಂಥದ್ದು, ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಪ್ಲಗ್. ಬಿಸಿಲಿಗೆ ಅದರ ವೈರಿನ ಹೊದಿಕೆ ಬಿರುಕು ಬಿಟ್ಟಿದ್ದು ಆಮೇಲೆ ಕಂಡಿತು. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲಿತ್ತು, ಮಳೆಗೆ ನೆನೆದಿತ್ತು. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಇದೆಯಲ್ಲ ಎಂದು ಧೈರ್ಯವಾಗಿದ್ದೆ. ಎಲೆಕ್ಟ್ರಿಷಿಯನ್ ಬಂದು ತಿಳಿಸಿದರು: 16 ಆಂಪಿಯರ್‌ನ ಎಂಸಿಬಿ ವೈರು ಸುಡದಂತೆ ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಜೀವ ತೆಗೆಯಲು ಅದರ ನೂರರ ಒಂದು ಪಾಲಿಗಿಂತ ಕಡಿಮೆ ಕರೆಂಟ್ ಸಾಕು. ಅದನ್ನು ಹಿಡಿಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಸರಬರಾಜು ಕಡಿಯುವ ಸ್ವಿಚ್ಚು. ನಮ್ಮ ಮನೆಯಲ್ಲಿ ಅದು ಇರಲಿಲ್ಲ. ನಿಮ್ಮ ಮನೆಯಲ್ಲಿದೆಯೇ ಎಂದು ಇವತ್ತೇ ಮೇನ್ ಬೋರ್ಡಿನ ಬಾಗಿಲು ತೆರೆದು ನೋಡಿ. ಟೆಸ್ಟ್ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ, ಒತ್ತಿದರೆ ಕರೆಂಟ್ ಹೋಗಬೇಕು. ತೊಟ್ಟಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳುವುದನ್ನು ಮನೆಯ ಎಲ್ಲರಿಗೂ, ಮಕ್ಕಳಿಗೂ ಹಿರಿಯರಿಗೂ, ಹೇಳಿಕೊಡಿ. ನಾನು ಅತ್ತೆಯವರಿಗೆ ಹೇಳಿರಲಿಲ್ಲ.

ಇಷ್ಟಾದ ಮೇಲೂ ಮಾಡಲೇಬೇಕು ಎನ್ನುವವರು ಮೊದಲು ಒಂದು ಲೀಟರ್ ನೀರನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೋ ಒಯ್ದು, ನೀರಾವರಿಗೆ ಬೇಕಾದ ಪರೀಕ್ಷೆ ಎಂದು ಹೇಳಿ ಪಿಎಚ್, ಇಸಿ (ಲವಣದಿಂದ ನೀರಿಗೆ ಬರುವ ವಿದ್ಯುತ್ ವಾಹಕತೆ), ಸೋಡಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ನೋಡಿಸಿ. ಸಾಫ್ಟನರ್ ದಾಟದ ನಲ್ಲಿಯಿಂದಲೇ ನೀರು ಹಿಡಿಯಿರಿ. ಟ್ಯಾಂಕರ್ ನೀರಾದರೆ ಪರೀಕ್ಷೆಯನ್ನೂ ನೆಚ್ಚಿಕೊಳ್ಳುವಂತಿಲ್ಲ, ಇವತ್ತು ಒಂದು ಬಾವಿಯದು, ನಾಳೆ ಇನ್ನೊಂದರದು.

ನಾನು ಜೂನ್ ಮಳೆಯ ನೀರು ಹಿಡಿದು, ಮೋಟಾರೇ ಬೇಡದ ಒಂದೇ ಒಂದು ಮುಚ್ಚಿದ ಟಬ್ಬಿನಲ್ಲಿ ಆರು ಲೆಟ್ಯೂಸ್ ಇಟ್ಟೆ. ಮುಚ್ಚಳದ ಸಂದುಗಳಿಗೆ ಬಲೆ ಅಂಟಿಸಿದೆ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಹುಟ್ಟಲು ಒಂದೆರಡು ವಾರ ಸಾಕು. ಆರರಲ್ಲಿ ನಾಲ್ಕು ಬಂದವು. ಗುಜರಿ ಪೈಪುಗಳನ್ನು ಕೊಳ್ಳುತ್ತೇವೆಂದು ಇಬ್ಬರು ಕೇಳಿದ್ದರು. ಸೊಪ್ಪು ಬೆಳೆಯಲೆಂದು ತಿಳಿದ ಕೂಡಲೇ ಕೊಡುವುದಿಲ್ಲ ಎಂದು ಹೇಳಿ ಕಳುಹಿಸಿದೆ.