ಎನ್‌ಸಿಸಿ, ಎನ್‌ಎಸ್‌ಎಸ್, ರಕ್ತದಾನ, ಓದಿ ಹೇಳುವ ಕೆಲಸ: ನಾಲ್ಕನ್ನೂ ಮಾಡಿ ನೋಡಿದ ಮೇಲೆ

ಚಿಕ್ಕಮ್ಮನ ಮಗ ಈ ವರ್ಷ ಬಿ.ಎ.ಗೆ ಸೇರಿದ್ದಾನೆ. ಮೊನ್ನೆ ರಾತ್ರಿ ಫೋನ್ ಮಾಡಿದ. "ಅಕ್ಕ, ಎನ್‌ಸಿಸಿ ಸೇರ್ಲಾ, ಎನ್‌ಎಸ್‌ಎಸ್ ಸೇರ್ಲಾ? ಶನಿವಾರದೊಳಗೆ ಹೆಸರು ಕೊಡ್ಬೇಕಂತೆ. ನೀನು ಎರಡೂ ಮಾಡಿದ್ದೀಯಲ್ಲ?" ಹೌದು, ಮಾಡಿದ್ದೆ. ಮೈಸೂರಿನಲ್ಲಿ ಬಿ.ಎಸ್ಸಿ. ಓದಿದ ಮೂರು ವರ್ಷದಲ್ಲಿ ಒಂದು ವರ್ಷ ಎನ್‌ಸಿಸಿ, ಅಂದ್ರೆ ಸೇನೆಯ ಮಾದರಿಯ ತರಬೇತಿ ಕೊಡುವ ಕೆಡೆಟ್ ದಳ. ಎರಡು ವರ್ಷ ಎನ್‌ಎಸ್‌ಎಸ್, ಅಂದ್ರೆ ರಾಷ್ಟ್ರೀಯ ಸೇವಾ ಯೋಜನೆ. ನಡುವೆ ಯುವ ರೆಡ್ ಕ್ರಾಸ್‌ನವರ ರಕ್ತದಾನ ಶಿಬಿರ. ಕೊನೆಯ ವರ್ಷ ನಮ್ಮ ಹಾಸ್ಟೆಲಿನಲ್ಲೇ ಇದ್ದ, ಕಣ್ಣು ಕಾಣದ ಒಬ್ಬ ಅಕ್ಕನಿಗೆ ಓದಿ ಹೇಳುವುದು, ಪರೀಕ್ಷೆ ಬರೆದುಕೊಡುವುದು. ಫೋನಿನಲ್ಲಿ ತಮ್ಮನಿಗೆ ಅರ್ಧಂಬರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ಅವನ ಹಾಗೆ ಎಷ್ಟೋ ಮಕ್ಕಳು ಇದೇ ವಾರ ನೋಟಿಸ್ ಬೋರ್ಡ್ ಮುಂದೆ ನಿಂತು ಇದನ್ನೇ ಯೋಚಿಸುತ್ತಿರುತ್ತಾರೆ.

ನಾನು ಮೊದಲು ಹೆಸರು ಕೊಟ್ಟಿದ್ದು ಎನ್‌ಸಿಸಿಗೆ. ಪಿಯುಸಿಯಲ್ಲಿದ್ದಾಗ ಟಿವಿಯಲ್ಲಿ ಜನವರಿ 26ರ ದೆಹಲಿ ಪರೇಡ್ ನೋಡಿ, ಆ ಹುಡುಗಿಯರ ಸಾಲಿನಲ್ಲಿ ನಾನೂ ಇರಬೇಕು ಅನ್ನಿಸಿತ್ತು. ಸೆಲೆಕ್ಷನ್ ದಿನ ಮೈದಾನದಲ್ಲಿ ಓಡಿಸಿದರು, ಎತ್ತರ ಅಳೆದರು, ಯಾಕೆ ಸೇರ್ತೀಯ ಅಂತ ಕೇಳಿದರು. ಆಮೇಲೆ ವಾರಕ್ಕೆ ಎರಡು ದಿನ, ಬೆಳಗ್ಗೆ ಆರೂವರೆಗೆ ಫಾಲ್‌ಇನ್, ಅಂದ್ರೆ ಮೈದಾನದಲ್ಲಿ ಸಾಲಾಗಿ ನಿಲ್ಲಬೇಕು. ಆರ್ಡರ್ ಎಲ್ಲ ಹಿಂದಿಯಲ್ಲಿ. ಸಾವಧಾನ್, ವಿಶ್ರಾಮ್, ದಹಿನೆ ಮುಡ್. ಮೊದಲ ತಿಂಗಳು ದಹಿನೆ ಅಂದ್ರೆ ಬಲ, ಬಾಯೇ ಅಂದ್ರೆ ಎಡ ಅಂತ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಹಿಂದಿನ ರಾತ್ರಿ ಬೂಟಿಗೆ ಪಾಲಿಶ್, ಬೆಲ್ಟಿನ ಹಿತ್ತಾಳೆಗೆ ಬ್ರಾಸೋ. ಹತ್ತು ದಿನದ ಕ್ಯಾಂಪಿನಲ್ಲಿ ನೆಲದ ಮೇಲೆ ಬೋರಲು ಮಲಗಿ ಪಾಯಿಂಟ್ 22 ರೈಫಲ್‌ನಿಂದ ಗುಂಡು ಹೊಡೆದಿದ್ದು ಇವತ್ತಿಗೂ ಭುಜಕ್ಕೆ ನೆನಪಿದೆ. ಹವಾಲ್ದಾರ್ ಸಾಹೇಬರು ಹತ್ತಿರ ಬಂದು, ಉಸಿರು ಅರ್ಧ ಬಿಟ್ಟು ನಿಲ್ಲಿಸು, ಆಮೇಲೆ ಒತ್ತು ಅಂದರು. ಐದು ಗುಂಡೂ ಅಂಗೈ ಅಗಲದ ಜಾಗದಲ್ಲಿ ಬಿದ್ದಿದ್ದವು.

ಎನ್‌ಸಿಸಿಗೆ ಬೇಕಾಗಿರುವುದು ಮೂರು ವರ್ಷ. ಇದನ್ನು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. 'ಬಿ' ಸರ್ಟಿಫಿಕೇಟ್ ಪರೀಕ್ಷೆ ಎರಡು ವರ್ಷ ಮುಗಿದ ಮೇಲೆ, 'ಸಿ' ಮೂರನೇ ವರ್ಷ. ಪರೇಡ್ ಹಾಜರಾತಿ ಶೇಕಡಾ 75 ಇರಬೇಕು, ಕ್ಯಾಂಪ್ ಆಗಿರಬೇಕು. ಎರಡನೇ ಸೆಮಿಸ್ಟರಿನಲ್ಲಿ ನನ್ನ ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್ ಬೆಳಗ್ಗೆ ಎಂಟಕ್ಕೆ ಬಂತು. ಪರೇಡ್ ಮುಗಿಸಿ, ಬಟ್ಟೆ ಬದಲಾಯಿಸಿ ಲ್ಯಾಬಿಗೆ ಓಡುವಷ್ಟರಲ್ಲಿ ಎಂಟೂಕಾಲು. ಲ್ಯಾಬಿನ ಬಾಗಿಲು ಹಾಕಿರುತ್ತಿತ್ತು. ಪರೇಡ್ ತಪ್ಪಿಸಲು ಶುರು ಮಾಡಿದೆ, ಹಾಜರಾತಿ ಇಳಿಯಿತು, ವರ್ಷದ ಕೊನೆಗೆ ಬಿಟ್ಟೆ. ಒಂದು ವರ್ಷದ ಆ ಎಲ್ಲ ಬೆಳಗಿಗೆ ಕೈಯಲ್ಲಿ ಒಂದು ಚೂರು ಕಾಗದ ಇಲ್ಲ. ಹಾಗಾಗಿ ಟೈಮ್‌ಟೇಬಲ್ ನೋಡದೆ ಎನ್‌ಸಿಸಿ ಫಾರ್ಮ್ ತುಂಬಬೇಡಿ. ಆದರೆ ಸೇನೆಗೆ ಹೋಗುವ ಆಸೆ ನಿಜವಾಗಿ ಇದ್ದರೆ ಬೇರೆ ಯೋಚನೆಯೇ ಬೇಡ. 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ ಶೇಕಡಾ 50 ಅಂಕ ಇದ್ದರೆ ಸೇನೆಯಲ್ಲಿ ಅಧಿಕಾರಿಯಾಗಲು ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಅರ್ಜಿ ಆಯ್ಕೆಯಾದರೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ (ಸೇನಾಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನ. ಈ ದಾರಿ ಎನ್‌ಎಸ್‌ಎಸ್‌ನಲ್ಲಿ ಇಲ್ಲ.

ನಮ್ಮ ಕಾಲೇಜಿನಲ್ಲಿ ಎರಡಕ್ಕೂ ಒಟ್ಟಿಗೆ ಹೆಸರು ಕೊಡುವ ಹಾಗಿರಲಿಲ್ಲ. ಎರಡನೇ ವರ್ಷ ಎನ್‌ಎಸ್‌ಎಸ್‌ಗೆ ಹೋದೆ. ಇಲ್ಲಿನ ಲೆಕ್ಕ ಹಗುರ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ಅಷ್ಟಾದರೆ ಸರ್ಟಿಫಿಕೇಟ್. ಹೆಚ್ಚಿನ ಕೆಲಸ ಶನಿವಾರ ಮಧ್ಯಾಹ್ನ, ಇಲ್ಲ ಭಾನುವಾರ. ಓಟ ಇಲ್ಲ, ಎತ್ತರ ಅಳೆಯುವುದಿಲ್ಲ.

ಶಿಬಿರ ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಯಲ್ಲಿತ್ತು. ಊರಿನ ಶಾಲೆಯಲ್ಲಿ ವಾಸ. ಊರಾಚೆ ಒಂದು ಹಳೇ ಕಲ್ಯಾಣಿ, ಮೆಟ್ಟಿಲು ಕಾಣದಷ್ಟು ಹೂಳು, ಮೇಲೆ ಲಂಟಾನ ಪೊದೆ. ನಾವು ಐವತ್ತು ಜನ. ಬೆಳಗ್ಗೆ ಉಪ್ಪಿಟ್ಟು ತಿಂದು ಗುದ್ದಲಿ, ಸಲಿಕೆ, ಬಾಂಡ್ಲಿ ಹಿಡಿದು ಇಳಿದರೆ ಹನ್ನೆರಡರವರೆಗೆ ಶ್ರಮದಾನ. ಮೆಟ್ಟಿಲ ಉದ್ದಕ್ಕೂ ಸಾಲಾಗಿ ನಿಂತು ಹೂಳು ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಮೊದಲ ದಿನ ದಡದಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನನ್ನು ನೋಡಿ, "ಹಂಗ ಹಿಡುದ್ರ ಬೊಬ್ಬ ಬತ್ತದ ಕೂಸು" ಅಂದರು. ಎದ್ದು ಬಂದು ಗುದ್ದಲಿ ಕಾವು ಹೇಗೆ ಹಿಡಿಯಬೇಕು ಅಂತ ನನ್ನ ಬೆರಳು ಒಂದೊಂದಾಗಿ ಕೂಡಿಸಿದರು. ಅವರು ಮದುವೆಯಾಗಿ ಬಂದಾಗ ಇದೇ ಕಲ್ಯಾಣಿಯ ನೀರು ಕುಡಿಯುತ್ತಿದ್ದರಂತೆ. ಐದನೇ ದಿನ ಕೆಳಗಿನ ಮೆಟ್ಟಿಲು ಕಾಣಿಸಿತು. ಆರನೇ ದಿನ ಬೆಳಗ್ಗೆ ಹೋಗಿ ನೋಡಿದರೆ ಕಲ್ಲಿನ ಸಂದಿಯಿಂದ ನೀರು ಜಿನುಗಿ, ತಳದಲ್ಲಿ ಹಿಮ್ಮಡಿ ಮುಳುಗುವಷ್ಟು ನಿಂತಿತ್ತು. ಅಜ್ಜಿ ಬಾಗಿ ಕೈ ಅದ್ದಿ ಮುಖಕ್ಕೆ ಹಚ್ಚಿಕೊಂಡರು.

ಸಂಜೆ ಬೇವಿನ ಮರದ ಕೆಳಗೆ ಕೂರಿಸಿಕೊಂಡು ನಮ್ಮ ಕಾರ್ಯಕ್ರಮ ಅಧಿಕಾರಿ ಮೇಷ್ಟ್ರು ಎನ್‌ಎಸ್‌ಎಸ್ ಕತೆ ಹೇಳಿದ್ದರು. ಶುರುವಾಗಿದ್ದು ಗಾಂಧೀಜಿ ಹುಟ್ಟಿದ ನೂರನೇ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಶುರು ಮಾಡಿದ ಆಗಿನ ಕೇಂದ್ರ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದವರು. ನಮ್ಮ ಎದೆ ಮೇಲಿನ ಬ್ಯಾಡ್ಜ್ ಕೊನಾರ್ಕದ ರಥದ ಚಕ್ರ, ಅದರ ಎಂಟು ಅರೆಗಳು ದಿನದ 24 ಗಂಟೆಯ ಗುರುತು. 'ನನಗಲ್ಲ, ನಿನಗೆ' ಅನ್ನುವ ಎನ್‌ಎಸ್‌ಎಸ್ ಧ್ಯೇಯವಾಕ್ಯವನ್ನು ಅಷ್ಟು ದಿನ ಬರೀ ಬ್ಯಾನರಿನಲ್ಲಿ ಓದಿದ್ದೆ. ಕೈಯಲ್ಲಿ ಬೊಬ್ಬೆ ಇಟ್ಟುಕೊಂಡು ಕೇಳಿದಾಗ ಬೇರೆಯೇ ಅನ್ನಿಸಿತು.

ಆದರೆ ಎನ್‌ಎಸ್‌ಎಸ್ ಅಂದ್ರೆ ಬರೀ ಆ ಏಳು ದಿನ ಅಲ್ಲ. ಉಳಿದ ವರ್ಷ ಒಂದೊಂದು ದಿನದ ಕಾರ್ಯಕ್ರಮಗಳು. ಜಾಥಾ, ಸ್ವಚ್ಛತೆ, ಉಪನ್ಯಾಸ. ಅವುಗಳ ಬಗ್ಗೆ ನನಗೆ ಬೇಜಾರಿದೆ. ಒಂದು ಜುಲೈನಲ್ಲಿ ಮೂವತ್ತು ಗಿಡ ನೆಟ್ಟೆವು. ಗುಂಡಿ ತೋಡಿದ್ದು, ಗೊಬ್ಬರ ಹಾಕಿದ್ದು, ಫೋಟೋ ತೆಗೆದಿದ್ದು ಎಲ್ಲ ಅವತ್ತೇ. ನೀರು ಹಾಕುವ ಪಾಳಿ ಮಾತ್ರ ಯಾರಿಗೂ ಹಂಚಲಿಲ್ಲ. ಬೇಸಿಗೆ ರಜೆ ಮುಗಿಸಿ ಬಂದಾಗ ನಾಲ್ಕು ಗಿಡ ಉಳಿದಿದ್ದವು. ಮೂರು ಗಂಟೆ ಅಂತ ನನ್ನ ಡೈರಿಯಲ್ಲಿ ಬರೆದಾಗಿತ್ತು. ಆ ಮೂರು ಗಂಟೆ ಇವತ್ತಿಗೂ ಚುಚ್ಚುತ್ತದೆ. ಘಟಕ ಹೇಗಿದೆ ಅಂತ ತಿಳಿಯಬೇಕಾದರೆ ಸೀನಿಯರ್‌ಗಳನ್ನು ಒಂದೇ ಮಾತು ಕೇಳಿ: ಹೋದ ವರ್ಷ ನೆಟ್ಟ ಗಿಡ ತೋರಿಸ್ತೀರಾ?

ರಕ್ತದಾನ ಇವೆಲ್ಲಕ್ಕಿಂತ ಕಡಿಮೆ ಸಮಯ ಕೇಳುವ ಕೆಲಸ. ಅರ್ಧ ಗಂಟೆ ಸಾಕು. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಅದರ ಆಸುಪಾಸಿನಲ್ಲಿ ಕಾಲೇಜಿನಲ್ಲೇ ಶಿಬಿರ ಇರುತ್ತಿತ್ತು. ಮೊದಲ ಸಲ ಹೋದಾಗ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ಬಣ್ಣದ ಮೈಲುತುತ್ತದ ನೀರಿಗೆ ಬಿಟ್ಟರು. ಹನಿ ಮುಳುಗಿದರೆ ಹಿಮೋಗ್ಲೋಬಿನ್ 12.5 ಇದೆ ಅಂತ. ನನ್ನದು ಮೇಲೆಯೇ ತೇಲಿತು. ಹಿಂದೆ ನಿಂತಿದ್ದ ಮೂವರು ಹುಡುಗಿಯರದೂ ತೇಲಿತು. ನಾವು ನಾಲ್ವರೂ ಹಾಸ್ಟೆಲ್ ಹುಡುಗಿಯರು, ಬೆಳಗಿನ ತಿಂಡಿ ಬಿಟ್ಟು ಕ್ಲಾಸಿಗೆ ಓಡುವವರು. ನರ್ಸ್ ಬೈಯಲಿಲ್ಲ. ಡಾಕ್ಟರಿಗೆ ತೋರಿಸಿ ಕಬ್ಬಿಣದ ಮಾತ್ರೆ ಕೇಳಿ, ಸೊಪ್ಪು ತಿನ್ನಿ, ಮುಂದಿನ ವರ್ಷ ಬನ್ನಿ ಅಂದರು. ಮುಂದಿನ ವರ್ಷ ನನ್ನ ಹನಿ ಮುಳುಗಿತು. 350 ಎಂಎಲ್ ಕೊಟ್ಟೆ. 18 ವರ್ಷ ಆಗಿರಬೇಕು, ತೂಕ 45 ಕಿಲೋ ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕೆಂಪು ರಕ್ತಕಣ ಜಾಸ್ತಿ ಅಂದ್ರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಬರೀ 5 ದಿನ. ಅದಕ್ಕೇ ವರ್ಷಕ್ಕೊಂದು ದೊಡ್ಡ ಶಿಬಿರದ ದಿನ ಇನ್ನೂರು ಜನ ಕೊಡುವುದಕ್ಕಿಂತ, ತಪ್ಪದೆ ಮತ್ತೆ ಮತ್ತೆ ಕೊಡುವವರು ರಕ್ತನಿಧಿಗೆ ಹೆಚ್ಚು ಬೇಕು.

ಇನ್ನು ಓದಿ ಹೇಳುವ ಕೆಲಸ. ಇದಕ್ಕೆ ಫಾರ್ಮ್ ಇಲ್ಲ, ಬ್ಯಾಡ್ಜ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಮೊದಲು ಹೇಳಿದ, ಕಣ್ಣು ಕಾಣದ ಆ ಹಾಸ್ಟೆಲ್ ಅಕ್ಕ ಎಂ.ಎ. ಇತಿಹಾಸ ಓದುತ್ತಿದ್ದರು. ಒಂದು ರಾತ್ರಿ ಊಟದ ಹಾಲಿನಲ್ಲಿ, "ನಿನ್ನ ದನಿ ಸ್ಪಷ್ಟ ಇದೆ ಕಣೇ, ಭಾನುವಾರ ಎರಡು ಗಂಟೆ ಓದಿ ಹೇಳ್ತೀಯಾ?" ಅಂತ ಕೇಳಿದರು. ಕಂಪ್ಯೂಟರಿಗೆ ಓದಲು ಬರುತ್ತಲ್ಲ ಅಂತ ನಾನು ಅಂದುಕೊಂಡಿದ್ದೆ. ಅವರ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಇತ್ತು, ದುಡ್ಡು ಕೊಡದೆ ಸಿಗುವ ಒಳ್ಳೆಯ ಸ್ಕ್ರೀನ್ ರೀಡರ್, ಅಂದ್ರೆ ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಯೂನಿಕೋಡ್ ಕನ್ನಡವನ್ನು ಓದುತ್ತದೆ. ಆದರೆ ಅವರಿಗೆ ಸಿಕ್ಕ ನೋಟ್ಸ್‌ನಲ್ಲಿ ಅರ್ಧ ಜೆರಾಕ್ಸ್, ಇನ್ನರ್ಧ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫೈಲಿನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅಕ್ಕ ಒಂದು ಪದದ ಮೇಲೆ ನಿಂತು ಅಕ್ಷರ ಅಕ್ಷರವಾಗಿ ಕೇಳಿಸಿದರು. ಮೊದಲು "ಪಿ" ಅಂತು, ಸ್ವಲ್ಪ ಮುಂದೆ "ಪೌಂಡ್" ಅಂತು. ಪರದೆ ಮೇಲೆ ಇದ್ದ ಪದ 'ಕನ್ನಡ'. ನನಗೆ ಮಾತೇ ಹೊರಡಲಿಲ್ಲ.

ಅವತ್ತಿನಿಂದ ಭಾನುವಾರ ಬೆಳಗ್ಗೆ ಓದುತ್ತಿದ್ದೆ, ವಾರದ ನಡುವೆ ನುಡಿ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸಿ ಕೊಡುತ್ತಿದ್ದೆ. ಒಂದು ಭಾನುವಾರ ಗೆಳತಿಯರ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿಬಿಟ್ಟೆ, ಹೇಳದೆ. ಅಕ್ಕ ಒಂಬತ್ತರಿಂದ ಹನ್ನೆರಡರವರೆಗೆ ರೀಡಿಂಗ್ ರೂಮಿನಲ್ಲಿ ಪುಸ್ತಕ ಇಟ್ಟುಕೊಂಡು ಕೂತಿದ್ದರು. ಸಂಜೆ ಹೋದಾಗ ಸಿಟ್ಟು ಮಾಡಲಿಲ್ಲ. "ಬರಲ್ಲ ಅಂತ ಒಂದು ಮೆಸೇಜ್ ಹಾಕಿದ್ರೆ ಬೇರೆ ಯಾರನ್ನಾದ್ರೂ ಕೇಳ್ತಿದ್ದೆ" ಅಂದರು, ಅಷ್ಟೇ. ಎನ್‌ಸಿಸಿಯಲ್ಲಿ ನಾನು ತಪ್ಪಿಸಿಕೊಂಡರೆ ಸಾಲಿನಲ್ಲಿ ಇನ್ನೊಬ್ಬಳು ನಿಲ್ಲುತ್ತಿದ್ದಳು. ಎನ್‌ಎಸ್‌ಎಸ್‌ನಲ್ಲಿ ಬಾಂಡ್ಲಿ ದಾಟಿಸಲು ಇನ್ನೂ ನಲವತ್ತೊಂಬತ್ತು ಜನ ಇದ್ದರು. ಇಲ್ಲಿ ನಾನು ಹೋಗದಿದ್ದರೆ ಒಬ್ಬರ ಒಂದು ಅಧ್ಯಾಯ ಹಾಗೇ ಉಳಿಯುತ್ತಿತ್ತು.

ಪರೀಕ್ಷೆಗೆ ಸ್ಕ್ರೈಬ್ ಆಗಿಯೂ, ಅಂದ್ರೆ ಅಕ್ಕ ಹೇಳಿದ ಉತ್ತರ ಬರೆದುಕೊಡಲೂ ಹೋದೆ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ, ಸ್ವಂತ ಸ್ಕ್ರೈಬ್ ಕರೆತಂದರೆ ಅವರ ಓದು ಒಂದು ಹಂತ ಕೆಳಗಿರಬೇಕು ಅಂತಿತ್ತು. ಅಕ್ಕ ಎಂ.ಎ., ನಾನು ಡಿಗ್ರಿ, ಸರಿಹೋಯಿತು. ಗಂಟೆಗೆ 20 ನಿಮಿಷ ಹೆಚ್ಚುವರಿ, ಹಾಗಾಗಿ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ಹೆಸರುಗಳು ಬಂದಾಗ ಅಕ್ಕ, "ಇದು ಮಹಾಪ್ರಾಣ", "ಇಲ್ಲಿ ಒತ್ತು ಬೇಡ" ಅಂತ ಬಿಡಿಸಿ ಹೇಳುತ್ತಿದ್ದರು. ಮೂರನೇ ಗಂಟೆಯಲ್ಲಿ ಸುಸ್ತಾಗಿ, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1972 ಅಂದರು. 1973 ಅಂತ ನನಗೆ ಗೊತ್ತು. ಬಾಯಿ ಬಿಡುವ ಹಾಗಿಲ್ಲ. 1972 ಅಂತಲೇ ಬರೆದೆ. ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಯ ಇಪ್ಪತ್ತು ನಿಮಿಷ ಇದ್ದಾಗ, "ಎಲ್ಲ ಉತ್ತರ ಒಂದ್ಸಲ ಓದು" ಅಂದರು. ಓದಿದೆ, ದನಿ ಏರಿಸದೆ ಇಳಿಸದೆ. ಆ ಸಾಲು ಬಂದ ಕೂಡಲೇ, "ತಡಿ, 1973 ಅಲ್ವಾ ಅದು? ಹೊಡೆದು ಹಾಕಿ ಬರಿ" ಅಂದರು.

ತಮ್ಮನಿಗೆ ಸೇನೆಯ ಆಸೆ ಇಲ್ಲ. ಅವನ ಹಳ್ಳಿಯ ಮೊದಲ ಬಸ್ ಏಳಕ್ಕೆ, ಆರೂವರೆಯ ಫಾಲ್‌ಇನ್ ಆಗುವ ಮಾತಲ್ಲ. ಎನ್‌ಎಸ್‌ಎಸ್‌ಗೆ ಹೆಸರು ಕೊಡು, ಶಿಬಿರ ಮಾತ್ರ ತಪ್ಪಿಸಬೇಡ ಅಂದೆ. ಒಂದು ಜಾಗ ಸೇರಿ ನಾಲ್ಕು ಜನ ಗೊತ್ತಾದರೆ ಉಳಿದದ್ದಕ್ಕೆ ದಾರಿ ಸಿಗುತ್ತದೆ. ರಕ್ತ ಕೊಡಲು 18 ತುಂಬಲಿ. ಓದಿ ಹೇಳುವ ಕೆಲಸಕ್ಕೆ ಮಾತ್ರ ಮೊದಲ ಸೆಮಿಸ್ಟರಿನಲ್ಲೇ ಕೈ ಹಾಕಬೇಡ, ನಿನ್ನ ಟೈಮ್‌ಟೇಬಲ್ ನಿನಗೇ ಹಿಡಿತಕ್ಕೆ ಬರಲಿ ಅಂತಲೂ ಹೇಳಿದೆ. ವಾರಕ್ಕೆ ಎರಡು ಗಂಟೆ ಖಂಡಿತ ಕೊಡಬಲ್ಲೆ ಅನ್ನಿಸಿದ ದಿನ ಹಾಸ್ಟೆಲ್ ವಾರ್ಡನ್ ಹತ್ತಿರವೋ ಕಾಲೇಜಿನ ಲೈಬ್ರರಿಯಲ್ಲೋ ಹೋಗಿ, ಓದಿ ಹೇಳುವವರು ಯಾರಿಗಾದರೂ ಬೇಕಾ ಅಂತ ಕೇಳು. ಸ್ಕ್ರೈಬ್ ಆಗುವುದಾದರೆ ಪರೀಕ್ಷಾ ವಿಭಾಗದ ಒಪ್ಪಿಗೆ ಪತ್ರಕ್ಕೆ ಹಾಲ್ ಟಿಕೆಟ್ ಬರುವ ಮೊದಲೇ ಓಡಾಡು, ಗುರುತಿನ ಚೀಟಿ ಜೊತೆಗಿರಲಿ.