ಬ್ಯಾಟರಿಯಿಂದ ಬಿಸಿಯಾಗುವ ಸ್ನೋಮೊಬೈಲ್ ಗಾಗಲ್: ದುಡ್ಡಿಗೆ ತಕ್ಕದ್ದೇ?

ಅಮೆರಿಕದ ಕೊಲೊರಾಡೊ, ವಯೋಮಿಂಗ್ ಬೆಟ್ಟಗಳ ಪುಡಿಹಿಮದಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಬಂಡಿ) ಓಡಿಸುವವರಿಗೆ ಖಂಡಿತ ತಕ್ಕದ್ದು. ಮರಗಳ ನಡುವೆ ವೇಗ ಕಮ್ಮಿ, ಬೆವರು ಜಾಸ್ತಿ. ಗಾಳಿಯಾಡದೆ ಲೆನ್ಸ್ ಮಬ್ಬಾಗುವುದು ಅಲ್ಲೇ. ಬಿಸಿಯಾದ ಲೆನ್ಸಿನ ಮೇಲೆ ಆವಿ ಕೂರುವುದಿಲ್ಲ. ಆದರೆ ಗಾಗಲಿನ ಮೇಲಂಚಿನಲ್ಲಿ ಗಾಳಿಯಾಡುವ ಸ್ಪಂಜಿಗೆ ಹಿಮ ಮೆತ್ತಿಕೊಂಡರೆ ಬ್ಯಾಟರಿಯೂ ಕೈಚೆಲ್ಲುತ್ತದೆ. ತೆಗೆದು ಕೊಡವಿ, ಉಜ್ಜಬೇಡಿ: ಒದ್ದೆ ಒಳಮೈ ಒರೆಸಿದರೆ ಮಬ್ಬು ತಡೆಯುವ ಲೇಪವೇ ಹಾಳಾಗುತ್ತದೆ. ಉಸಿರು ಗಾಗಲಿನತ್ತ ಏರದಂತೆ ತಡೆಯುವ, ಹೆಲ್ಮೆಟ್ಟಿನೊಳಗಿನ ಉಸಿರುತಡೆ ಮೂಗಿನ ಮೇಲೆ ಸರಿಯಾಗಿ ಕೂರದಿದ್ದರೆ ಕೊಟ್ಟ ದುಡ್ಡೆಲ್ಲ ದಂಡ. ಮೊದಲು ಅದನ್ನು ನೋಡಿಕೊಳ್ಳಿ. ನಿಂತಾಗಲೆಲ್ಲ ಗಾಗಲ್ ಹಣೆಗೇರಿಸುವ ಚಟವಂತೂ ಬೇಡವೇ ಬೇಡ, ಬೆವರಿನ ಆವಿಯೆಲ್ಲ ಒಳಗೇ ಸೇರುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಮಬ್ಬು ಶುರುವಾದಾಗ ಮಾತ್ರ ಗುಂಡಿ ಒತ್ತಿ, ಇನ್ನೊಂದು ಬ್ಯಾಟರಿ ಒಳಜೇಬಿನಲ್ಲಿರಲಿ. ನೀರಿಳಿಯದ ಚೀಲದಲ್ಲಿ ಎರಡು ಪದರದ ಮಾಮೂಲಿ ಗಾಗಲ್ ಒಂದನ್ನೂ ಇಟ್ಟುಕೊಳ್ಳಿ.