ಹೆಡ್‌ಸೆಟ್ ಅದೇ, ಪಟ್ಟಿ ಮೂರು: ಕತ್ತು ಒಪ್ಪುವುದು ಯಾವುದನ್ನು?

ಕಣ್ಣಿಗೆ ಕಟ್ಟಿಕೊಂಡು ಆಟ ಆಡುವ, ಸಿನಿಮಾ ನೋಡುವ ವಿಆರ್ ಹೆಡ್‌ಸೆಟ್‌ಗಳಲ್ಲಿ ಮೆಟಾ ಕ್ವೆಸ್ಟ್ 3 ತೂಗುವುದು 515 ಗ್ರಾಂ, ಕ್ವೆಸ್ಟ್ 3ಎಸ್ 514. ಆದರೂ ಎರಡನ್ನೂ ಹಾಕಿ ನೋಡಿದವರು 3ಎಸ್ಸೇ ಭಾರ ಅನ್ನುತ್ತಾರೆ. ಅದು ಸುಳ್ಳೇನಲ್ಲ. ತಕ್ಕಡಿಯ ತೂಕ ಬೇರೆ, ಕತ್ತಿಗೆ ತಗಲುವ ತೂಕ ಬೇರೆ. 3ರಲ್ಲಿರುವುದು ಬೆಳಕನ್ನು ಒಳಗೇ ಮಡಚುವ ಪ್ಯಾನ್‌ಕೇಕ್ ಮಸೂರ. ಪರದೆ ಮಸೂರಕ್ಕೆ ಹತ್ತಿರ ಕೂರುತ್ತದೆ, ಡಬ್ಬಿ ತೆಳ್ಳಗಾಗುತ್ತದೆ. 3ಎಸ್‌ನ ಫ್ರೆನೆಲ್ ಮಸೂರಕ್ಕೆ (ಮೈಮೇಲೆ ಉಂಗುರ ಉಂಗುರವಾಗಿ ಗೆರೆ ಇರುವಂಥದ್ದು) ಪರದೆ ದೂರ ಬೇಕು, ಹಾಗಾಗಿ ಮೂತಿ ಮುಂದೆ ಚಾಚಿಕೊಂಡಿದೆ. ತುಂಬಿದ ಸೌಟನ್ನು ಬುಡದಲ್ಲಿ ಹಿಡಿಯುವುದಕ್ಕೂ ಹಿಡಿಕೆಯ ತುದಿಯಲ್ಲಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು.

ಆದರೆ ಹೆಡ್‌ಸೆಟ್ಟನ್ನು ತಲೆಗೆ ಕಟ್ಟುವ ಪಟ್ಟಿ (ಸ್ಟ್ರಾಪ್) ಬದಲಿಸಿದಾಗ ಆಗುವ ವ್ಯತ್ಯಾಸದ ಮುಂದೆ ಇದು ಏನೂ ಅಲ್ಲ. ಕೆಳಗಿನ ಹೋಲಿಕೆ ಕ್ವೆಸ್ಟ್ 3 ಮೇಲೆ ಮಾಡಿದ್ದು. ಮೂರು ಪಟ್ಟಿಗೂ ಒಂದೇ ಪರೀಕ್ಷೆ: ಅರ್ಧ ಗಂಟೆ ನಿಂತು ಕೈಬೀಸಿ ಆಡುವ ಆಟ, ಒಂದು ಗಂಟೆ ಕೂತು ಸಿನಿಮಾ.

ಮೊದಲು ಡಬ್ಬದಲ್ಲೇ ಬರುವ ಬಟ್ಟೆಯ ಪಟ್ಟಿ. ಇದನ್ನು ಬೈಯುವವರಲ್ಲಿ ಹೆಚ್ಚಿನವರು ಹಾಕಿಕೊಳ್ಳುವುದೇ ತಪ್ಪಾಗಿ. ಜಾರುತ್ತದೆ ಅಂತ ಅಕ್ಕಪಕ್ಕದ ಪಟ್ಟಿಯನ್ನು ಎಳೆದು ಬಿಗಿಯುತ್ತಾರೆ; ಹೆಡ್‌ಸೆಟ್ ಕೆನ್ನೆಯ ಮೂಳೆಗೆ ಒತ್ತುತ್ತದೆ, ಇಪ್ಪತ್ತು ನಿಮಿಷಕ್ಕೆ ತಲೆನೋವು. ಸರಿಯಾದ ಕ್ರಮ ಹೀಗೆ: ಎಲ್ಲವನ್ನೂ ಸಡಿಲಿಸಿ, ಹೆಡ್‌ಸೆಟ್ಟನ್ನು ಮುಖಕ್ಕೆ ಹಿಡಿದು, ಹಿಂಬದಿಯ ಕವಲನ್ನು ತಲೆಬುರುಡೆಯ ಹಿಂದಿನ ಉಬ್ಬಿನ ಕೆಳಕ್ಕೆ ಇಳಿಸಿ. ಆಮೇಲೆ ನೆತ್ತಿಯ ಪಟ್ಟಿಯನ್ನು ಎಳೆದು ಭಾರವನ್ನು ಅದಕ್ಕೆ ಹೊರಿಸಿ. ಅಕ್ಕಪಕ್ಕದ್ದು ಕೊನೆಗೆ, ಅಲುಗಾಡದಷ್ಟು ಬಿಗಿಯಾದರೆ ಸಾಕು. ಇಷ್ಟು ಮಾಡಿದರೆ ಅರ್ಧ ಗಂಟೆಯ ಆಟಕ್ಕೆ ಮೋಸವಿಲ್ಲ. ಸಿನಿಮಾ ಮುಗಿಯುವ ಹೊತ್ತಿಗೆ ಮಾತ್ರ ಕತ್ತಿನ ಹಿಂದೆ ಎಳೆತ ಶುರುವಾಗುತ್ತದೆ. ಮಲಗಿ ನೋಡಲು ಈ ಮೂರರಲ್ಲಿ ಆಗುವುದು ಇದೊಂದೇ, ಹಿಂದೆ ಗಟ್ಟಿಯಾದದ್ದು ಏನೂ ಇಲ್ಲ. ಜಡೆ, ತುರುಬು ಇರುವವರಿಗೂ ಇದೇ ಸಲೀಸು: ಕೂದಲು ಕವಲಿನ ನಡುವೆ ಹೊರಬರುತ್ತದೆ.

ಎರಡನೆಯದು ಹಿಂದೆ ತಿರುಗಣೆ ಇರುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿ. ಮೆಟಾದ ಎಲೈಟ್ ಸ್ಟ್ರಾಪ್ ಈ ಜಾತಿಯದು. ತಿರುಗಣೆ ತಿರುಗಿಸಿದರೆ ಆಯಿತು, ಮನೆಯಲ್ಲಿ ನಾಲ್ಕು ಜನ ಸರದಿಯಲ್ಲಿ ಆಡುವುದಾದರೆ ಇದರಷ್ಟು ಬೇಗ ಬೇರೆ ಯಾವುದೂ ಹೊಂದುವುದಿಲ್ಲ. ಜಿಗಿದು ಬಗ್ಗುವ ಆಟಕ್ಕೂ ಇದೇ ಗಟ್ಟಿ. ಆದರೆ ಭಾರ ಇಲ್ಲಿಯೂ ಮುಖದ ಮೇಲೆಯೇ. ಒತ್ತಡ ಹಂಚಿಕೆಯಾಗುತ್ತದೆ ಅಷ್ಟೆ. ಹಿಂದೆ ಬ್ಯಾಟರಿ ಇರುವ ಮಾದರಿಯಾದರೆ ಕತೆ ಬೇರೆ. ಒಟ್ಟು ತೂಕ ಏರುತ್ತದೆ, ಕತ್ತಿಗೆ ಹಗುರವೆನಿಸುತ್ತದೆ, ಏಕೆಂದರೆ ಮುಂದಿನ ಎಳೆತಕ್ಕೆ ಹಿಂದೊಂದು ಸಮತೂಕ ಸಿಕ್ಕಿತು. ಕ್ವೆಸ್ಟ್ 3 ತನ್ನ ಬ್ಯಾಟರಿಯಲ್ಲಿ ಓಡುವುದು ಎರಡು ಗಂಟೆಯ ಆಸುಪಾಸು, ಅದೂ ಹಿಗ್ಗುತ್ತದೆ. ತಿರುಗಣೆಯನ್ನು ಕಟಕಟ ಅನ್ನುವವರೆಗೂ ತಿರುಗಿಸಬೇಡಿ, ಪ್ಲಾಸ್ಟಿಕ್ ತೋಳು ಬುಡದಲ್ಲಿ ಬಿರುಕು ಬಿಡುವುದು ಹಾಗೆಯೇ. ತೆಗೆಯುವಾಗಲೂ ಮೊದಲು ಸಡಿಲಿಸಿ. ತೋಳನ್ನು ಅಗಲಿಸಿ ಎಳೆಯುವ ಅಭ್ಯಾಸ ಬೇಡ.

ಮೂರನೆಯದು ಹಾಲೋ, ಅಂದರೆ ಹಣೆಯ ಮೇಲೆ ಮೆತ್ತೆ ಕೂತು ಹೆಡ್‌ಸೆಟ್ ಅದರಿಂದ ಕೆಳಕ್ಕೆ ತೂಗುವ ಬಗೆ. ಬೊಬೊವಿಆರ್‌ನಂಥ ಕಂಪನಿಗಳು ಇದಕ್ಕೆ ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಬ್ಯಾಟರಿಯನ್ನೂ ಕೊಡುತ್ತವೆ, ಆಟದ ನಡುವೆಯೇ ಬದಲಿಸಬಹುದು. ಸಿನಿಮಾದ ಪರೀಕ್ಷೆಯಲ್ಲಿ ಇದು ಉಳಿದೆರಡನ್ನೂ ಬಿಟ್ಟು ಬಹಳ ಮುಂದೆ ಹೋಯಿತು. ಕೆನ್ನೆ ಮೂಗಿನ ಮೇಲೆ ಗುರುತೇ ಇಲ್ಲ, ಗಾಳಿಯಾಡುವುದರಿಂದ ಮಸೂರಕ್ಕೆ ಆವಿ ಕಟ್ಟಲಿಲ್ಲ. ಮಂಗಳೂರು, ಕಾರವಾರದ ಸೆಕೆಯಲ್ಲಿ ಇದೊಂದಕ್ಕೇ ದುಡ್ಡು ಕೊಡಬಹುದು. ಕೊರತೆಯೂ ಇದೆ: ಕೆಳಗಿನಿಂದ ಬೆಳಕು ನುಗ್ಗುತ್ತದೆ, ತಲೆ ಜೋರಾಗಿ ತಿರುಗಿಸಿದರೆ ಹೆಡ್‌ಸೆಟ್ ಒಂದು ಗಳಿಗೆ ತಡವಾಗಿ ಹಿಂಬಾಲಿಸುತ್ತದೆ. ತುರುಬಿದ್ದರೆ ಹಿಂದಿನ ಮೆತ್ತೆ ಕೂರುವುದಿಲ್ಲ. ಇನ್ನು ಹಣೆಯ ಕುಂಕುಮ, ವಿಭೂತಿ. ಬೆವರಿನ ಜೊತೆ ಸೇರಿ ಮೆತ್ತೆಗೆ ಇಳಿದರೆ ಹೋಗುವುದಿಲ್ಲ. ವಿಭೂತಿಯ ಪುಡಿ ಮಸೂರದ ಮೇಲೆ ಬಿದ್ದು, ಅದನ್ನು ಒರೆಸಿದರೆ ಗೀರು. ಪುಡಿಯನ್ನು ಮೊದಲು ಗಾಳಿಯ ಬಲ್ಬಿನಿಂದ ಊದಿ, ಆಮೇಲೆ ಒಣ ಮೈಕ್ರೊಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಸುತ್ತಿ ಒರೆಸಬೇಕು. ಸ್ಪಿರಿಟ್, ಕನ್ನಡಕದ ದ್ರಾವಣ ಎರಡೂ ಬೇಡ. ತಲೆಗೆ ಎಣ್ಣೆ ಹಚ್ಚಿದ ದಿನ ಯಾವ ಪಟ್ಟಿಯಾದರೂ ರಜೆ ಕೊಡುವುದೇ ಲೇಸು.

ನಿಂತು ಆಡುವುದೇ ಹೆಚ್ಚಾದರೆ ಬ್ಯಾಟರಿಯ ತಿರುಗಣೆ ಪಟ್ಟಿ, ಕೂತು ನೋಡುವುದೇ ಹೆಚ್ಚಾದರೆ ಹಾಲೋ. ವಾರಕ್ಕೊಮ್ಮೆ ಅರ್ಧ ಗಂಟೆ ಹಾಕುವವರು ಏನನ್ನೂ ಕೊಳ್ಳಬೇಕಾಗಿಲ್ಲ.

ಪಟ್ಟಿ ಸರಿಹೋದರೂ ಕಣ್ಣು ಸೋಲುತ್ತಿದ್ದರೆ ಐಪಿಡಿ ನೋಡಿ. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅದು, ದೊಡ್ಡವರಲ್ಲಿ ಸರಾಸರಿ 63 ಮಿ.ಮೀ. ಕನ್ನಡಕದ ಅಂಗಡಿಯವರು ಚೀಟಿಯಲ್ಲಿ ಪಿಡಿ ಎಂದು ಬರೆಯುತ್ತಾರೆ. ಚೀಟಿ ಇಲ್ಲದಿದ್ದರೆ ಕನ್ನಡಿಯ ಮುಂದೆ ಒಂದು ಗೇಣು ದೂರ ನಿಂತು, ಹುಬ್ಬಿಗೆ ಸ್ಕೇಲು ಹಿಡಿದು, ಬಲಗಣ್ಣು ಮುಚ್ಚಿ ಸೊನ್ನೆಯನ್ನು ಎಡಪಾಪೆಯ ನಡುವಿಗೆ ಹೊಂದಿಸಿ. ಸ್ಕೇಲು ಕದಲಿಸದೆ ಎಡಗಣ್ಣು ಮುಚ್ಚಿ, ಬಲಪಾಪೆಯ ನೇರಕ್ಕಿರುವ ಅಂಕಿ ಓದಿ. ಮೂರು ಸಲ ಅಳೆಯಿರಿ. ಇಲ್ಲಿ 3 ಸರಾಗವಾಗಿ ಗೆಲ್ಲುತ್ತದೆ: ಕೆಳಗಿರುವ ಚಕ್ರ ತಿರುಗಿಸಿದರೆ ಮಸೂರ ಸ್ವಲ್ಪಸ್ವಲ್ಪವೇ ಸರಿಯುತ್ತದೆ. 3ಎಸ್‌ನಲ್ಲಿ ಮಸೂರಗಳನ್ನೇ ಹಿಡಿದು 58, 63, 68 ಎಂಬ ಮೂರು ಮನೆಗಳಲ್ಲಿ ಒಂದಕ್ಕೆ ತಳ್ಳಬೇಕು. 60 ಅಥವಾ 66ರವರು ಎರಡು ಮನೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಎರಡನ್ನೂ ಹತ್ತತ್ತು ನಿಮಿಷ ನೋಡಿ, ಸಣ್ಣ ಅಕ್ಷರ ಚೆನ್ನಾಗಿ ಕಂಡದ್ದನ್ನು ಇಟ್ಟುಕೊಳ್ಳಬೇಕು. ಫ್ರೆನೆಲ್‌ನಲ್ಲಿ ಸ್ಪಷ್ಟವಾಗಿ ಕಾಣುವ ಜಾಗ ಕಿರಿದು, ಹೆಡ್‌ಸೆಟ್ ತುಸು ಕೆಳಗೆ ಜಾರಿದರೂ ಅಕ್ಷರ ಮಸುಕು. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರದ ಸುತ್ತ ಕಾಣುವ ಬೆಳಕಿನ ಗೆರೆಗಳು ಮಾತ್ರ ಆ ಮಸೂರದ ಹುಟ್ಟುಗುಣ, ಯಾವ ಹೊಂದಾಣಿಕೆಗೂ ಹೋಗುವುದಿಲ್ಲ.

ಕನ್ನಡಕದವರಿಗೆ ಎರಡು ದಾರಿ. ಕನ್ನಡಕದ ಮೇಲೆಯೇ ಹಾಕುವುದಾದರೆ 3ರ ಮುಖದ ಮೆತ್ತೆಯ ಒಳಗಿನ ಗುಂಡಿಗಳನ್ನು ಒತ್ತಿ ಅದನ್ನು ಹೊರಕ್ಕೆ ಎಳೆಯಿರಿ, ನಾಲ್ಕು ಹಂತಗಳಿವೆ. ಕನ್ನಡಕದ ಗಾಜು ಮಸೂರಕ್ಕೆ ತಾಗಿದರೆ ಎರಡಕ್ಕೂ ಗೀರು ಖಚಿತ. ಇನ್ನೊಂದು, ನಂಬರಿಗೆ ತಕ್ಕಂತೆ ಮಾಡಿಸಿ ಮಸೂರದ ಮೇಲೆ ಕೂರಿಸುವ ಗಾಜು. ದಿನಾ ಹಾಕುವವರಿಗೆ ಇದೇ ಮೇಲು. ಮನೆಮಂದಿಯೆಲ್ಲ ಬಳಸುವ ಹೆಡ್‌ಸೆಟ್‌ಗೆ ಇದು ಕಿರಿಕಿರಿ. ಓದುವುದಕ್ಕಷ್ಟೇ ಕನ್ನಡಕ ಹಾಕುವವರಿಗೆ ಸಾಮಾನ್ಯವಾಗಿ ಎರಡೂ ಬೇಡ: ಪರದೆ ಕಣ್ಣಿಗೆ ಅಂಟಿಕೊಂಡಂತಿದ್ದರೂ ಮಸೂರ ಚಿತ್ರವನ್ನು ಮೀಟರಿಗಿಂತ ತುಸು ಆಚೆಗೆ ಕಾಣಿಸುತ್ತದೆ.

ಕಂಪ್ಯೂಟರಿನಲ್ಲಿ ಓಡಿ ಹೆಡ್‌ಸೆಟ್‌ನಲ್ಲಿ ಕಾಣುವ ಆಟಕ್ಕೆ ಕೇಬಲ್ಲೋ ವೈಫೈಯೋ? ಕಂಪ್ಯೂಟರನ್ನು ಲ್ಯಾನ್ ಕೇಬಲ್‌ನಿಂದ ರೂಟರಿಗೆ ಜೋಡಿಸಿ, ಹೆಡ್‌ಸೆಟ್ಟನ್ನು ರೂಟರಿನ 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ, ಅದೇ ಕೋಣೆಯಲ್ಲಿ ಇಟ್ಟರೆ ವೈಫೈಯೇ ಸಾಕು. ರೂಟರ್ ಹಾಲ್‌ನಲ್ಲಿದ್ದು ಆಟ ಮಲಗುವ ಕೋಣೆಯಲ್ಲಾದರೆ ಗೋಡೆ ಸಿಗ್ನಲ್ಲನ್ನು ನುಂಗುತ್ತದೆ, ಚಿತ್ರ ತಡವರಿಸುತ್ತದೆ. ಆಗ 5 ಮೀಟರಿನ ಯುಎಸ್‌ಬಿ 3 ಕೇಬಲ್ಲೇ ಸರಿ. ಹೊಟ್ಟೆ ತೊಳಸುವುದಕ್ಕೆ ಈ ತಡವರಿಕೆಯೂ ಒಂದು ಕಾರಣ, ಜನ ಮಾತ್ರ ಬೈಯುವುದು ಆಟವನ್ನು. ಉಳಿದಂತೆ ಮೊದಲ ವಾರ ಆಟದ ಸೆಟ್ಟಿಂಗ್ಸ್‌ನಲ್ಲಿ ನಡೆಯುವ ಬದಲು ಜಿಗಿತದ ಚಲನೆ (ಟೆಲಿಪೋರ್ಟ್), ಸರಾಗ ತಿರುವಿನ ಬದಲು ಹಂತಹಂತದ ತಿರುವು ಇಟ್ಟುಕೊಳ್ಳಿ. ಬಾಯಲ್ಲಿ ನೀರೂರಿದ ಕ್ಷಣ ತೆಗೆದುಬಿಡಿ, ಹಟ ಹಿಡಿದರೆ ಸಂಜೆಯವರೆಗೂ ಬಿಡುವುದಿಲ್ಲ.

ನಿಂತು ಆಡಲು 2 ಮೀಟರ್ ಉದ್ದ, 2 ಮೀಟರ್ ಅಗಲ ಬೇಕು. ನೆಲದ ಗಡಿ ಗುರುತಿಸುವ ಭರದಲ್ಲಿ ಮರೆಯುವುದು ಮೇಲಿನ ಫ್ಯಾನನ್ನು. ಕಂಟ್ರೋಲರ್ ಹಿಡಿದ ಕೈಗಳನ್ನು ಪೂರ್ತಿ ಎತ್ತಿ, ಫ್ಯಾನ್ ನಿಂತಿರುವಾಗಲೇ ನೋಡಿಕೊಳ್ಳಿ. ತಾಗುವಂತಿದ್ದರೆ ಟೇಬಲ್ ಫ್ಯಾನ್ ಸಾಕು, ಒಂದೇ ದಿಕ್ಕಿನಿಂದ ಬೀಸುವ ಗಾಳಿ ನೀವು ಯಾವ ಕಡೆ ಮುಖ ಮಾಡಿದ್ದೀರಿ ಅನ್ನುವುದನ್ನೂ ಹೇಳುತ್ತದೆ. ಕಿಟಕಿಯ ಬಿಸಿಲು ಮಸೂರದ ಮೇಲೆ ಬೀಳದಂತೆ ಎತ್ತಿಡಿ, ಭೂತಗನ್ನಡಿಯಂತೆ ಅದು ಒಳಗಿನ ಪರದೆಯನ್ನು ಸುಡುತ್ತದೆ. ದೀಪಾವಳಿಯ ಸೀರಿಯಲ್ ಸೆಟ್ ಉರಿಯುತ್ತಿದ್ದರೆ ಆರಿಸಿ: ಆ ಚುಕ್ಕಿಗಳನ್ನು ಕ್ಯಾಮೆರಾ ಕಂಟ್ರೋಲರಿನ ದೀಪಗಳೆಂದು ಭ್ರಮಿಸಬಹುದು. ಅಮೆರಿಕದಿಂದ ಯಾರೋ ತಂದುಕೊಟ್ಟ ಹೆಡ್‌ಸೆಟ್‌ನ ಕ್ಯಾಮೆರಾದಲ್ಲಿ ಕಾಣುವ ಕೋಣೆಯ ಟ್ಯೂಬ್‌ಲೈಟ್ ಮಿಣುಕುತ್ತಿದ್ದರೆ, ಸೆಟ್ಟಿಂಗ್ಸ್‌ನ ಟ್ರ್ಯಾಕಿಂಗ್ ಫ್ರೀಕ್ವೆನ್ಸಿಯನ್ನು ಅಲ್ಲಿನ ಕರೆಂಟಿನ 60ರಿಂದ ನಮ್ಮ ಕರೆಂಟಿನ 50 ಹರ್ಟ್ಸ್‌ಗೆ ಬದಲಿಸಿ ನೋಡಿ.